ನೀಲಿ ಚುಕ್ಕೆ ಸೋಫಾ ಬಿಟ್ಟು ಏಳ್ಲಿಲ್ಲ

ಕ್ಯಾಪ್ಟನ್ ಬಂದೋನೇ ಬೋಟಲ್ಲಿ ದಾರಿ ನೋಡೋಕೆ ಹೊಸ ಟ್ಯಾಬ್ ತಗೋಬೇಕು ಯಾವ್ದು ಹೇಳ್ರೋ ಅಂದ. ನಾವು ಮುಖ ಮುಖ ನೋಡ್ಕೊಂಡ್ವಿ, ಹಳೇದು ತಗೊಂಡು ಇನ್ನೂ ಮೂರು ತಿಂಗಳೂ ಆಗಿಲ್ಲ. ಅಂದಹಾಗೆ ಕ್ಯಾಪ್ಟನ್ ಅಂದ್ರೆ ನಿಜವಾದ ಕ್ಯಾಪ್ಟನ್ ಅಲ್ಲ, ಅವನೂ ಅವನ ಭಾವನೂ ಅರ್ಧರ್ಧ ದುಡ್ಡು ಹಾಕಿ ಒಂದು ಚಿಕ್ಕ ಬೋಟ್ ಮಾಡ್ಕೊಂಡಿದಾರೆ, ಇವನ ಪಾಲಿಗೆ ಟೋಪಿ ಬಂತು, ಭಾವನ ಪಾಲಿಗೆ ಸ್ಟೀರಿಂಗು.

"ಹಳೇದಕ್ಕೆ ಏನಾಯ್ತೋ?"

"ಹಾಳಾಗಿಲ್ಲ ಮಗಾ. ಮನೇಲಿ ನಕ್ಷೆ ಆಪ್ ತೆಗೆದ್ರೆ ನಾವಿರೋ ಜಾಗ ತೋರ್ಸೋ ನೀಲಿ ಚುಕ್ಕೆ ಕರೆಕ್ಟಾಗಿ ನಮ್ಮನೆ ಮೇಲೇ ಕೂತಿರುತ್ತೆ, ಆಹಾ ಏನ್ ಆಕ್ಯುರೇಟು ಅಂತ ಖುಷಿ ಪಟ್ಟೆ. ಸಮುದ್ರಕ್ಕೆ ಇಳಿದು ಅರ್ಧ ಗಂಟೆ ಆದ್ರೂ ಅಲ್ಲೇ ಕೂತಿದೆ! ಬೋಟ್ ಓಡ್ತಾ ಇದೆ, ಚುಕ್ಕೆ ಸೋಫಾ ಬಿಟ್ಟು ಏಳ್ತಿಲ್ಲ. ಕೊನೆಗೆ ನಾನೇ ಸೂರ್ಯನ್ನ ನೋಡಿ ದಿಕ್ಕು ಗೊತ್ತು ಮಾಡ್ಕೊಂಡು ಎಲ್ಲರನ್ನೂ ದಡ ಸೇರಿಸಿದೆ."

ಮೂಲೇಲಿ ಕೂತಿದ್ದ ಭಾವ ಏನೋ ಹೇಳೋಕೆ ಬಾಯಿ ತೆಗೆದು ಮತ್ತೆ ಮುಚ್ಕೊಂಡ್ರು.

ಮೇಷ್ಟ್ರು ಕನ್ನಡಕ ಒರೆಸ್ಕೊಂಡು, "ಬರೀ ವೈಫೈ ಇರೋ ಮಾಡೆಲ್ ತಗೊಂಡ್ಯೇನಪ್ಪ?" ಅಂದ್ರು.

"ಹೂಂ ಸಾರ್. ನಡು ನೀರಲ್ಲಿ ಸಿಮ್ ಹಾಕ್ಕೊಂಡು ಯಾರಿಗೆ ಫೋನ್ ಮಾಡ್ಲಿ?"

ಅಲ್ಲಿಂದ ಮೇಷ್ಟ್ರ ಪಾಠ ಶುರು. ವೈಫೈ ಮಾತ್ರ ಇರೋ ಟ್ಯಾಬ್‌ಗಳಲ್ಲಿ ಎಷ್ಟೋದಕ್ಕೆ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಹೇಳೋ ಜಿಪಿಎಸ್ ಚಿಪ್ಪೇ ಇರಲ್ಲ, ಐಪ್ಯಾಡ್‌ನಲ್ಲಂತೂ ಸಿಮ್ ಹಾಕೋ ಸೆಲ್ಯುಲಾರ್ ಮಾಡೆಲ್‌ಗೆ ಮಾತ್ರ ಇರೋದು, ಉಳಿದವು ಸುತ್ತಮುತ್ತಲಿನ ರೂಟರ್‌ಗಳನ್ನ ಮೂಸಿ ನೋಡಿ ಇಲ್ಲೇ ಎಲ್ಲೋ ಇದೀನಿ ಅಂತ ಅಂದಾಜು ಹೊಡೆಯುತ್ತವೆ, ನೀರಿನ ಮಧ್ಯ ರೂಟರ್ ಯಾವ ಮೀನು ಇಟ್ಕೊಂಡಿರುತ್ತೆ. ತಮಾಷೆ ಏನಂದ್ರೆ ಸೆಲ್ಯುಲಾರ್ ತಗೊಂಡ್ರೂ ಸಿಮ್ ಹಾಕ್ಲೇಬೇಕು ಅಂತಿಲ್ಲ, ಉಪಗ್ರಹದಿಂದ ಬರೋ ಸಿಗ್ನಲ್ ಪುಕ್ಕಟೆ. ಆಂಡ್ರಾಯ್ಡ್‌ನಲ್ಲಿ ಕೆಲವು ವೈಫೈ ಮಾಡೆಲ್‌ಗೂ ಜಿಪಿಎಸ್ ಕೊಟ್ಟಿರ್ತಾರೆ, ಕೆಲವಕ್ಕೆ ಕೊಟ್ಟಿರಲ್ಲ, ಸ್ಪೆಕ್ ಪಟ್ಟಿ ಓದ್ಲೇಬೇಕು.

"ನಾನು ಓದಿದ್ನಲ್ಲ ಸಾರ್, ಎಂಟು ಕೋರ್ ಪ್ರೊಸೆಸರ್ ಅಂತ."

"ಎಂಟು ಕೋರಿಗೂ ತಾನೆಲ್ಲಿದೀನಿ ಅಂತ ಗೊತ್ತಿಲ್ಲ ನೋಡು."

ಡೌಟು (ಅವನಿಗೆ ಎಲ್ಲದರಲ್ಲೂ ಡೌಟು, ಅದಕ್ಕೇ ಆ ಹೆಸರು) ಅಡ್ಡ ಬಾಯಿ ಹಾಕ್ದ, ಬ್ಲೂಟೂತ್ ಜಿಪಿಎಸ್ ಅಂತ ಬೇರೆ ಡಬ್ಬಿ ಸಿಗುತ್ತಲ್ಲ, ಅದು ಸೇರಿಸಿದ್ರೆ ಹಳೇ ಟ್ಯಾಬೇ ಸಾಕಲ್ವಾ? ಸಾಕು, ಆದ್ರೆ ಅದಕ್ಕೂ ಚಾರ್ಜ್ ಮಾಡಬೇಕು, ಮತ್ತೆ ಕ್ಯಾಪ್ಟನ್‌ಗೆ ತನ್ನ ಫೋನ್ ಚಾರ್ಜ್ ಮಾಡೋದೇ ನೆನಪಿರಲ್ಲ. ಆ ವಿಷಯ ಅಲ್ಲಿಗೇ ಬಿತ್ತು.

"ಸರಿ, ಜಿಪಿಎಸ್ ಇರೋದೇ ತಗೋತೀನಿ. ಆದ್ರೆ ಇನ್ನೊಂದು ವಿಚಿತ್ರ ಆಯ್ತು, ಕೂಲಿಂಗ್ ಗ್ಲಾಸ್ ಹಾಕ್ಕೊಂಡ್ರೆ ಸ್ಕ್ರೀನ್ ಪೂರ್ತಿ ಕಪ್ಪು, ತಲೆ ಓರೆ ಮಾಡಿದ್ರೆ ಬರುತ್ತೆ."

ಅದು ಪೋಲರೈಸ್ಡ್ ಕನ್ನಡಕದ ಮಹಿಮೆ. ಸ್ಕ್ರೀನಿಂದ ಬರೋ ಬೆಳಕೂ ಒಂದೇ ದಿಕ್ಕಲ್ಲಿ ಅಲುಗೋದು, ಕನ್ನಡಕ ಬಿಡೋದೂ ಒಂದೇ ದಿಕ್ಕಲ್ಲಿ ಅಲುಗೋದನ್ನ, ಎರಡೂ ಅಡ್ಡಡ್ಡ ಆದ್ರೆ ಕತ್ತಲು, ಟ್ಯಾಬ್ ತಿರುಗಿಸಿ ಇಟ್ರೆ ಸರಿ ಹೋಗುತ್ತೆ. ಕನ್ನಡಕ ತೆಗೆದ್ರೂ ಮಾಮೂಲಿ ಟ್ಯಾಬ್ 400, 500 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಬೆಳಕು ಕೊಡುತ್ತೆ, ಬಿಸಿಲಲ್ಲಿ ಅದು ಕನ್ನಡಿ, ಅದರಲ್ಲಿ ಬಂಡೆ ಕಾಣಲ್ಲ ನಿನ್ನ ಮೂತಿ ಕಾಣುತ್ತೆ, 1000ದ ಹತ್ತಿರ ಇರೋದು ನೋಡು ಅಂದ್ರು ಮೇಷ್ಟ್ರು. ಬೆಳಕು ಜಾಸ್ತಿ ಮಾಡಿದ್ರೆ ಬಿಸಿ, ಬಿಸಿ ಆದ್ರೆ ಅದೇ ತಾನಾಗಿ ಬೆಳಕು ಇಳಿಸ್ಕೊಳುತ್ತೆ. ಐಪ್ಯಾಡ್‌ಗೆ ಕಂಪನಿಯವರೇ ಸುತ್ತಲಿನ ಬಿಸಿ 35 ಡಿಗ್ರಿವರೆಗೆ ಅಂತ ಬರೆದಿದಾರೆ, ಒಳಗೆ ತೀರಾ ಕಾದ್ರೆ ತಣ್ಣಗಾಗೋವರೆಗೆ ಬಿಡು ಅಂತ ಒಂದು ನೋಟೀಸ್ ಹಾಕಿ ಕೂತ್ಕೊಳುತ್ತೆ. ನೆರಳಲ್ಲಿ, ಗಾಳಿ ಆಡೋ ಕಡೆ ಇಡಬೇಕು.

"ಅಂದ್ರೆ ಬೋಟಲ್ಲಿರೋ ಒಂದೇ ನೆರಳಿನ ಜಾಗ ಟ್ಯಾಬ್‌ಗೆ, ನನಗೆ ಬಿಸಿಲು."

"ನೀನು ಆರಿ ಹೋಗಲ್ವಲ್ಲ."

ನೀರಿನ ವಿಷಯಕ್ಕೆ ಬಂದಾಗ ನಾನೂ ಸ್ವಲ್ಪ ಬುದ್ಧಿವಂತಿಕೆ ತೋರ್ಸೋಣ ಅಂತ ಐಪಿ68, ಅಂದ್ರೆ ಧೂಳು ನೀರು ತಡೆಯುತ್ತೆ ಅನ್ನೋ ಗುರುತು, ಇರೋದು ತಗೋ ಅಂದೆ. ಗ್ಯಾಲಕ್ಸಿ ಟ್ಯಾಬ್ ಆಕ್ಟಿವ್ ಥರದ್ದಕ್ಕೆ ಅದೂ ಇದೆ, ಬ್ಯಾಟರಿ ಬಿಚ್ಚಿ ಬದಲಾಯಿಸಬಹುದು, ಪೆನ್ನೂ ಬರುತ್ತೆ. ಪೆನ್ ಯಾಕೆ, ನಾನೇನು ಸಮುದ್ರದ ಮೇಲೆ ಪತ್ರ ಬರೀಲಾ ಅಂದ ಕ್ಯಾಪ್ಟನ್. ಅಯ್ಯೋ ಪುಣ್ಯಾತ್ಮ, ಒದ್ದೆ ಸ್ಕ್ರೀನ್‌ಗೆ ಹನಿ ಯಾವುದು ಬೆರಳು ಯಾವುದು ಗೊತ್ತಾಗಲ್ಲ, ನಾಲ್ಕು ಹನಿ ಬಿದ್ರೆ ನಕ್ಷೆ ತಾನೇ ಜೂಮ್ ಆಗಿ ಇನ್ಯಾವುದೋ ಸಾಗರಕ್ಕೆ ಹೋಗಿರುತ್ತೆ. ಮತ್ತೆ ಐಪಿ ಪರೀಕ್ಷೆ ಮಾಡೋದು ಸಿಹಿನೀರಲ್ಲಿ, ಉಪ್ಪುನೀರು ಚಾರ್ಜಿಂಗ್ ತೂತಿಗೆ ಹೋದ್ರೆ ತುಕ್ಕು ಗ್ಯಾರಂಟಿ, ಒಣಗೋ ಮುಂಚೆ ಕೇಬಲ್ ಚುಚ್ಚಿದ್ರೆ ಕತೆ ಮುಗೀತು.

ಸೈಜ್ ಬಗ್ಗೆ ಮಾತ್ರ ಜಗಳಾನೇ ಆಯ್ತು. ಡೌಟು 8 ಇಂಚು ಸಾಕು ಕೈಲಿ ಹಿಡಿಯಕ್ಕೆ ಚೆನ್ನಾಗಿರುತ್ತೆ ಅಂತ, ಮೇಷ್ಟ್ರು 10ಕ್ಕಿಂತ ಕಮ್ಮಿ ಬೇಡವೇ ಬೇಡ ಅಂತ. ಅವರು ಹೇಳಿದ್ದರಲ್ಲಿ ಅರ್ಥ ಇತ್ತು, ಚಿಕ್ಕ ಸ್ಕ್ರೀನಲ್ಲಿ ದಾರಿ ಪೂರ್ತಿ ನೋಡ್ಬೇಕು ಅಂತ ಜೂಮ್ ಔಟ್ ಮಾಡ್ತೀಯ, ಜೂಮ್ ಔಟ್ ಆದಾಗ ಆಪ್ ಸಣ್ಣ ಬಂಡೆಗಳನ್ನೆಲ್ಲ ಬಚ್ಚಿಡುತ್ತೆ. 2014ರ ನವೆಂಬರಲ್ಲಿ ಪ್ರಪಂಚ ಸುತ್ತೋ ಹಾಯಿದೋಣಿ ಪಂದ್ಯ ವೋಲ್ವೋ ಓಷನ್ ರೇಸ್‌ನ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದಲ್ಲಿ ಸೀದಾ ಹೋಗಿ ಹವಳದ ದಿಬ್ಬಕ್ಕೆ ಗುದ್ದಿದ್ದಕ್ಕೆ ಇದೂ ಒಂದು ಕಾರಣ. ಪುಣ್ಯಕ್ಕೆ ಒಂಬತ್ತೂ ಜನ ಬದುಕ್ಕೊಂಡ್ರು.

"ಅಂಥ ರೇಸಿನವರಿಗೇ ಹಂಗಾಗಿದೆ, ಇವನು ಯಾವ ಲೆಕ್ಕ" ಅಂತ ಡೌಟು ಅಂದಿದ್ದಕ್ಕೆ ಕ್ಯಾಪ್ಟನ್‌ಗೆ ಕೋಪ ಬಂತು. "ನಾನು ಟ್ಯಾಬೇ ಇಲ್ದೆ ಸೂರ್ಯನ್ನ ನೋಡ್ಕೊಂಡು ಬಂದೋನು ಕಣೋ! ಕೇಳು ಭಾವನ್ನ!"

ಭಾವ ಇಷ್ಟೊತ್ತು ಸುಮ್ನಿದ್ದೋರು ನಿಧಾನಕ್ಕೆ ಹೇಳಿದ್ರು, "ನೀನು ಸೂರ್ಯನ್ನ ನೋಡ್ತಾ ಇದ್ದೆ, ನಾನು ಫೋನ್ ನೋಡ್ತಾ ಇದ್ದೆ. ಆಪು, ನಕ್ಷೆ ಎಲ್ಲ ಹಿಂದಿನ ರಾತ್ರೀನೇ ಡೌನ್‌ಲೋಡ್ ಮಾಡಿಟ್ಕೊಂಡಿದ್ದೆ."

"ಮತ್ತೆ ಹೇಳ್ಬಾರ್ದಾ ಭಾವ?!"

"ಸಂಭ್ರಮದಲ್ಲಿದ್ಯಲ್ಲ ಅಂತ ಸುಮ್ನಾದೆ. ಬೆರಳು ತೋರಿಸ್ತಿದ್ದಿದ್ದು ಮಾತ್ರ ಉಲ್ಟಾ ದಿಕ್ಕಿಗೆ."