ಡಿಗ್ರಿ ಮುಗೀತು: ತಲಾ 150 ರೂಪಾಯಿದಾಗ 25 ಮಂದಿ ಏನ್ ಮಾಡಬಹುದು?

ವಿಜಯಪುರ ಬಿಕಾಂ: 25 ಮಂದಿ ಅದೀವಿ, ಒಟ್ಟು 3750 ರೂಪಾಯಿ. ಕೆಲವರು ಸಂಭ್ರಮಕ್ಕ ಹೋಟೆಲ್ ಹಾಲ್ ಹಿಡಿಯೂಣು ಅಂತಾರ. ಬ್ಯಾರೆ ದಾರಿ ಇದ್ರ ಹೇಳ್ರಿ.

ಗುಮ್ಮಟನಗರಿ: ಹಾಲ್ ಬ್ಯಾಡ್ರಿ. ಬಾಡಿಗಿ, ಕೇಕ್, ಬಲೂನಿಗೇ ರೊಕ್ಕ ಮುಗಿದು ಊಟಕ್ಕ ಏನೂ ಉಳಿಯೂದಿಲ್ಲ. ಯಾರರೇ ಒಬ್ಬರ ಮನಿ ಮಾಳಗಿ ಮ್ಯಾಲ ಸಂಜಿ ಆರಕ್ಕ ಕೂಡ್ರಿ. ಬ್ಯಾಸಗಿ ಇದ್ರ ಅದಕ್ಕಿಂತ ಮೊದಲ ಕಾಲ ಇಡಾಕ ಆಗೂದಿಲ್ಲ, ಐದಕ್ಕ ನಾಲ್ಕು ಕೊಡ ನೀರು ಹೊಡೀರಿ. ಗಿರಮಿಟ್ (ಗೊಜ್ಜು ಕಲಸಿದ ಚುರಮುರಿ), ಮಿರ್ಚಿ, ಚಹಾ ಸಾಕು.

ಬಾದಾಮಿ ಹಾದಿ: ಮಾಳಗಿ ಮ್ಯಾಲ ಯಾವಾಗಲೂ ಕೂಡಬಹುದು. ಬಾದಾಮಿಗೆ ಹೋಗ್ರಿ. ಗದಗ-ಸೊಲ್ಲಾಪುರ ರೈಲು ಮಾರ್ಗದಾಗ ಐತಿ, ಪ್ಯಾಸೆಂಜರ್ ಗಾಡಿ ಟಿಕೆಟ್ ಅಗ್ಗ. ಬಸ್ಸಿಗಾದ್ರ ಶಕ್ತಿ ಯೋಜನೆದಾಗ ಹುಡುಗ್ಯಾರಿಗೆ ಸಾದಾ ಬಸ್ ಪುಕ್ಕಟೆ, ವಿಳಾಸ ಇರೋ ಗುರುತಿನ ಚೀಟಿ ಮರೀಬ್ಯಾಡ್ರಿ. ಬನಶಂಕರಿ ಗುಡಿ ಹತ್ರ ಹೆಣ್ಣುಮಕ್ಕಳು ಬುಟ್ಟ್ಯಾಗ ತರೋ ರೊಟ್ಟಿ, ಕಾಳಪಲ್ಯೆ, ಮೊಸರು, ಶೇಂಗಾ ಹಿಂಡಿ ಊಟ ಹೊಟ್ಟಿ ತುಂಬತೈತಿ.

ಗುಮ್ಮಟನಗರಿ: ಸ್ಟೇಷನ್ನಿಂದ ಊರು ಐದು ಕಿಲೋಮೀಟರ್ ದೂರ. 25 ಮಂದಿಗೆ ಟಂಟಂ ಖರ್ಚು ಲೆಕ್ಕದಾಗ ಹಿಡೀರಿ. ಮ್ಯಾಲ ಗುಹೆ ಹತ್ರ ಮಂಗ್ಯಾ ತಿನಿಸಿನ ಚೀಲ ಕಸಗೊಂತಾವ, ಕೈಯಾಗ ಪಿಶವಿ ಹಿಡೀಬ್ಯಾಡ್ರಿ. ಮುಖ್ಯ ಮಾತು, ಮನಿಯಾಗ ದಿನಪೂರ್ತಿ ಹೊರಗ ಬಿಡದವರೂ ಇರ್ತಾರ. ಅವರನ್ನ ಬಿಟ್ಟು ಎಂಥಾ ಸಂಭ್ರಮರಿ?

ರೊಟ್ಟಿ ಬುಟ್ಟಿ: ಈ ಮಾತು ಖರೆ. ಗಿರಮಿಟ್ ಅಳತಿ ಹೇಳ್ತೀನಿ, 25 ಮಂದಿಗೆ: ಚುರಮುರಿ ಒಂದೂವರೆ ಕಿಲೊ, ಉಳ್ಳಾಗಡ್ಡಿ ಒಂದೂವರೆ ಕಿಲೊ (ಒಂದು ಕಿಲೊ ಗೊಜ್ಜಿಗೆ, ಉಳಿದದ್ದು ಹಸಿ), ಎಣ್ಣಿ ಕಾಲು ಲೀಟರ್, ಹುಣಸಿಹಣ್ಣು 100 ಗ್ರಾಂ, ಬೆಲ್ಲ ಅಷ್ಟ, ಹಸಿಮೆಣಸಿನಕಾಯಿ 100 ಗ್ರಾಂ, ಪುಟಾಣಿ ಹಿಟ್ಟು ಕಾಲು ಕಿಲೊ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹುಣಸಿ, ಬೆಲ್ಲದ ಗೊಜ್ಜು ಎಣ್ಣಿ ಬಿಡೂಮಟ ಕುದಿಸ್ರಿ. ನೀರು ಉಳಿದ್ರ ಚುರಮುರಿ ಮುದ್ದಿ ಆಗತೈತಿ. ಎಲ್ಲಾರೂ ತಪ್ಪೂದು ಇಲ್ಲೇ: ಬುಟ್ಟಿಗಟ್ಟಲೆ ಒಮ್ಮೆಲೇ ಕಲಸಿ ಇಡ್ತಾರ. ಐದೈದು ಪ್ಲೇಟ್ ಅಷ್ಟ ಕಲಸಿ, ಕಡೀಕ ಹಿಟ್ಟು ಉದುರಿಸಿ, ಕೂಡ್ಲೇ ಕೊಡ್ರಿ. ಮಿರ್ಚಿ 50ಕ್ಕ ಕಡ್ಲಿಹಿಟ್ಟು ಒಂದು ಕಿಲೊ. ಸೋಡಾ ಚಿಟಿಕಿ ಮಾತ್ರ, ಹೆಚ್ಚಾದ್ರ ಎಣ್ಣಿ ಕುಡೀತಾವ.

ಕುಂದಾ ಪ್ರೇಮಿ, ಬೆಳಗಾವಿ: ಸಿಹಿ ಎಲ್ಲೈತ್ರಿ? ಡಿಗ್ರಿ ಮುಗಿಸಿದವರಿಗೆ ಒಂದು ಕೇಕರೇ ಬ್ಯಾಡೇನು?

ರೊಟ್ಟಿ ಬುಟ್ಟಿ: ಬ್ಯಾಸಗ್ಯಾಗ ಕೇಕಿನ ಕ್ರೀಮ್ ಮಾಳಗಿ ಮ್ಯಾಲ ನಿಲ್ಲೂದಿಲ್ಲರಿ. ಶೇಂಗಾ ಹೋಳಗಿ ತಗೋರಿ, ನಾಕೈದು ದಿನ ಕೆಡೂದಿಲ್ಲ. ರೊಟ್ಟಿ ಮಾರೋ ಮನಿಯವರಿಗೆ ಎರಡು ದಿನ ಮೊದಲ ಹೇಳಿ 30 ಮಾಡಿಸ್ರಿ.

ಫೋಟೋ ಅಕ್ಕ: ಉಳಿದ ರೊಕ್ಕದಾಗ ಒಂದು ಗುಂಪಿನ ಫೋಟೋ, 25 ಪ್ರಿಂಟ್. ವಾಟ್ಸಾಪ್‌ನಾಗ ಬಂದ ಫೋಟೋ ಸ್ಟುಡಿಯೋಕ್ಕ ಕೊಡಬ್ಯಾಡ್ರಿ, ಕುಗ್ಗಿ ಮಬ್ಬಾಗಿರತೈತಿ. ಡಾಕ್ಯುಮೆಂಟ್ ಮಾಡಿ ಕಳಸ್ರಿ. 6×8 ಇಂಚಿಗೆ 1800×2400 ಪಿಕ್ಸೆಲ್ ಇದ್ರ ಸ್ವಚ್ಛ ಬರತೈತಿ. ವಿಜಯಪುರದ ಇಬ್ರಾಹಿಂ ರೋಜಾ ಸ್ಮಾರಕದಾಗ ತಗೀತಿದ್ರ ಮುಂಜಾನೆ ಹೋಗ್ರಿ, ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬೇಕು.

ವಿಜಯಪುರ ಬಿಕಾಂ: ಮಾಳಗಿನೇ ಗಟ್ಟಿ. ಆದ್ರ ಮೂರ್ನಾಕ್ ಮಂದಿಗೆ 150 ಸುದ್ದಾ ಭಾರ ಐತಿ.

ಗುಮ್ಮಟನಗರಿ: ಗ್ರೂಪಿನ್ಯಾಗ ಯಾರು ಕೊಟ್ರು, ಯಾರು ಕೊಡಲಿಲ್ಲ ಅಂತ ಪಟ್ಟಿ ಹಾಕಬ್ಯಾಡ್ರಿ. ರೊಕ್ಕ ಒಬ್ಬರ ಕಡೆ ಬರ್ಲಿ, ಆದವರು 200 ಕೊಡ್ಲಿ, ಆಗದವರು ಉಳ್ಳಾಗಡ್ಡಿ ಹೆಚ್ಚಾಕ ನಾಲ್ಕಕ್ಕ ಬರ್ಲಿ.