ಜಾಲತಾಣದಲ್ಲಿ 48 ನಿಮಿಷ, ಟಿಕೆಟ್‌ನಲ್ಲಿ 1 ಗಂಟೆ 15 ನಿಮಿಷ: ಯಾವುದು ಸರಿ?

ಪ್ರಶ್ನೆ:
ನಾವು ಹೋಗಬೇಕಾದ ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವೆ 400 ಕಿ.ಮೀ. ದೂರವಿದ್ದು, ಹಾರಾಟಕ್ಕೆ 48 ನಿಮಿಷ ಸಾಕೆಂದು ದೂರ ಲೆಕ್ಕ ಹಾಕುವ ಜಾಲತಾಣವೊಂದು ತೋರಿಸುತ್ತದೆ. ಅದೇ ಮಾರ್ಗದ ಟಿಕೆಟ್‌ನಲ್ಲಿ 1 ಗಂಟೆ 15 ನಿಮಿಷ ಎಂದಿದೆ. ಹಿಂದಿರುಗುವಾಗ ಐದು ನಿಮಿಷ ಕಡಿಮೆ. ವಯಸ್ಸಾದ ತಾಯಿಯವರೊಂದಿಗೆ ಹೊರಟಿದ್ದೇನೆ, ಇಳಿದ ಮೇಲೆ ಇನ್ನೊಂದು ವಿಮಾನ ಹಿಡಿಯಬೇಕಿದೆ. ಯಾವ ಲೆಕ್ಕವನ್ನು ಆಧಾರವಾಗಿಟ್ಟುಕೊಳ್ಳಲಿ?

ಉತ್ತರ 1:
ಟಿಕೆಟ್‌ನ ಲೆಕ್ಕವನ್ನೇ ಹಿಡಿಯಿರಿ. ಜಾಲತಾಣವು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ತೆಗೆದುಕೊಂಡು, ಭೂಮಿಯ ಮೇಲ್ಮೈಯಲ್ಲಿ ಅವುಗಳ ನಡುವಿನ ಅತಿ ಕಡಿಮೆ ದೂರವನ್ನು, ಅಂದರೆ ಮಹಾವೃತ್ತದ ದೂರವನ್ನು, ಕಂಡುಹಿಡಿದು, ಗಂಟೆಗೆ 500 ಕಿ.ಮೀ. ವೇಗದಿಂದ ಭಾಗಿಸಿದೆ, ಅಷ್ಟೇ. ಎಟಿಆರ್ 72ರಂತಹ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನ ಆ ವೇಗವನ್ನು ಮುಟ್ಟುವುದು ನಿಜ, ಆದರೆ ದಾರಿಯುದ್ದಕ್ಕೂ ಅಲ್ಲ. 20,000 ಅಡಿ ಎತ್ತರದಿಂದ ಇಳಿಯಲು, ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿಯಂತೆ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.) ಲೆಕ್ಕ ಹಾಕಿದರೆ, ಸುಮಾರು 110 ಕಿ.ಮೀ. ಬೇಕಾಗುತ್ತದೆ, ಏರುವಾಗಲೂ ವೇಗ ಕಡಿಮೆಯೇ ಇರುತ್ತದೆ. ಇದರ ಜೊತೆಗೆ, ರನ್‌ವೇ ಯಾವ ದಿಕ್ಕಿಗಿದೆಯೋ ಅತ್ತ ಹಾರಿ, ನಂತರ ತಿರುಗಿ, ನಿಗದಿತ ವಾಯುಮಾರ್ಗ ಸೇರಬೇಕಾದ್ದರಿಂದ ಹಾರುವ ದೂರವೂ 400 ಕಿ.ಮೀ.ಗಿಂತ ಹೆಚ್ಚಾಗುತ್ತದೆ. ಇನ್ನು ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್: ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಅಲ್ಲಿ ಹೋಗಿ ನಿಲ್ಲುವವರೆಗಿನ ಅವಧಿ. ಜೆಟ್ ವಿಮಾನವಾಗಿದ್ದರೂ ಇಷ್ಟು ಸಣ್ಣ ದೂರದಲ್ಲಿ ಸಮಯವೇನೂ ಅರ್ಧಕ್ಕೆ ಇಳಿಯುವುದಿಲ್ಲ.

ಉತ್ತರ 2:
ಐದು ನಿಮಿಷದ ವ್ಯತ್ಯಾಸಕ್ಕೆ ಗಾಳಿ ಕಾರಣವಿರಬಹುದು. ಗಂಟೆಗೆ 50 ಕಿ.ಮೀ. ಎದುರುಗಾಳಿಯಿದ್ದರೆ 500ರ ವೇಗ ನೆಲದ ಲೆಕ್ಕದಲ್ಲಿ 450 ಆಗಿ, 400 ಕಿ.ಮೀ.ಗೆ 53 ನಿಮಿಷ ಹಿಡಿಯುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ 44 ನಿಮಿಷ ಸಾಕು. ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ: ಗಾಳಿಯಿಲ್ಲದಿದ್ದರೆ ಒಟ್ಟು 96 ನಿಮಿಷ, ಗಾಳಿಯಿದ್ದರೆ 97. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡೂ ವಿಮಾನಗಳಿಗೆ ಪ್ರತ್ಯೇಕ ಟಿಕೆಟ್ ತೆಗೆದುಕೊಳ್ಳಬಹುದೇ?

ಉತ್ತರ 3:
ಸಾಧ್ಯವಾದರೆ ಒಂದೇ ಬುಕಿಂಗ್‌ನಲ್ಲಿ ತೆಗೆದುಕೊಳ್ಳಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದಾಗುತ್ತದೆ. ಪ್ರತ್ಯೇಕ ಟಿಕೆಟ್‌ಗಳಿದ್ದರೆ ಆ ನಷ್ಟ ನಿಮ್ಮದೇ. ತಾಯಿಯವರಿಗೆ ಗಾಲಿಕುರ್ಚಿ ಬೇಕಿದ್ದರೆ ಮುಂಚೆಯೇ ತಿಳಿಸಿ. ಆ ಸೌಲಭ್ಯ ಪಡೆದವರನ್ನು ಸಾಮಾನ್ಯವಾಗಿ ಕೊನೆಯಲ್ಲಿ ಇಳಿಸುವುದರಿಂದ ಆ ಸಮಯವನ್ನೂ ಸೇರಿಸಿಕೊಳ್ಳಿ. ಅವರು ನಡೆಯಬಲ್ಲವರಾಗಿದ್ದು ವಿಮಾನ ಎಟಿಆರ್ ಆಗಿದ್ದರೆ ಹಿಂಬದಿಯ ಆಸನಗಳನ್ನು ಆರಿಸಿಕೊಳ್ಳಿ. ಅದರಲ್ಲಿ ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಹಿಂದಿರುತ್ತದೆ.