ಪ್ರದರ್ಶನದ ಜೊತೆ ಸಿನಿಮಾ ತೋರಿಸೋಕೆ ಪರ್ಮಿಷನ್ ಯಾರ ಹತ್ರ ಕೇಳಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಲ್ಲಿ ನನ್ನ ಪೇಂಟಿಂಗ್ಸ್ ಪ್ರದರ್ಶನ ಇದೆ, ಚಿಕ್ಕ ಗ್ಯಾಲರಿ, ಕುರ್ಚಿ ಹಾಕಿದ್ರೆ ನಲವತ್ತು ಜನ ಅಷ್ಟೇ. ಅದರ ಜೊತೆ ನಾಲ್ಕು ಭಾನುವಾರ ನಾನೇ ಆರಿಸಿದ ಸಿನಿಮಾ ತೋರಿಸೋಣ ಅಂತ ಆಸೆ, ಎಲ್ಲಾ ಚಿತ್ರ ಕಲಾವಿದರ ಕೈ ಇರೋ ಸಿನಿಮಾಗಳೇ. ಲಿಸ್ಟಲ್ಲಿ ಮೊದಲನೇದು ಎಂ.ಎಫ್. ಹುಸೇನ್ 1967ರಲ್ಲಿ ಫಿಲ್ಮ್ಸ್ ಡಿವಿಷನ್‌ಗೆ (ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ) ಮಾಡಿದ 'ಥ್ರೂ ದಿ ಐಸ್ ಆಫ್ ಎ ಪೇಂಟರ್' (ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂತಲ್ಲ, ಅದೇ), ಆಮೇಲೆ 1970ರ 'ಸಂಸ್ಕಾರ', ಅದಕ್ಕೆ ಕಲಾ ನಿರ್ದೇಶನ ಎಸ್.ಜಿ. ವಾಸುದೇವ್ ಅವರದ್ದು.

ಗ್ಯಾಲರಿಯವರು 'ಟಿಕೆಟ್ ಇಲ್ವಲ್ಲ ಮೇಡಂ, ಯೂಟ್ಯೂಬಿಂದ ಹಾಕಿ' ಅಂತಾರೆ. ಲಾಯರ್ ಫ್ರೆಂಡ್ ಒಬ್ಳು ಫ್ರೀ ಆದ್ರೂ ಸಾರ್ವಜನಿಕವಾಗಿ ತೋರಿಸಿದ್ರೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು, ನಮ್ಮಲ್ಲಿ ಸಿನಿಮಾ ಕಾಪಿರೈಟ್ 60 ವರ್ಷ, ಇವೆರಡಕ್ಕೂ ಇನ್ನೂ ಮುಗಿದಿಲ್ಲ ಅಂದ್ಳು. ಅವಳ ಮಾತೇ ಸರಿ ಅನ್ಸತ್ತೆ, ನನ್ನ ಪೇಂಟಿಂಗ್ ಫೋಟೋನ ಯಾರಾದ್ರೂ ಕೇಳದೆ ಹಾಕಿದ್ರೆ ನಾನೇ ಜಗಳಕ್ಕೆ ಹೋಗ್ತೀನಿ.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ಎನ್‌ಎಫ್‌ಡಿಸಿಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರ್ಕೊಂಡಿದೆ ಅಂತ ಗೊತ್ತಾಯ್ತು, ಸೋ ಹುಸೇನ್ ಚಿತ್ರಕ್ಕೆ ಅಲ್ಲಿಗೇ ಬರೀತೀನಿ. ನಾನು ಸಿಕ್ಕಾಕೊಂಡಿರೋದು 'ಸಂಸ್ಕಾರ'ದಲ್ಲಿ. ಇಬ್ಬರು ಫಿಲ್ಮ್ ಸೊಸೈಟಿ ಹಿರಿಯರನ್ನ ಕೇಳ್ದೆ, ಒಬ್ರು ನಿರ್ಮಾಪಕರ ಮನೆಯವರನ್ನ ಕೇಳಿ ಅಂದ್ರು, ಇನ್ನೊಬ್ರು ಹಳೇ ಸಿನಿಮಾ ಪ್ರಿಂಟ್ ಕಾಪಾಡೋ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಬರೀರಿ ಅಂದ್ರು, ಆದ್ರೆ ಪ್ರಿಂಟ್ ಇಟ್ಕೊಂಡಿರೋರು ಬೇರೆ ಹಕ್ಕು ಇರೋರು ಬೇರೆ ಅಲ್ವಾ?

ಇಂಥ ಹಳೇ ಕನ್ನಡ ಸಿನಿಮಾನ ಗ್ಯಾಲರೀಲೋ ಕಾಲೇಜಲ್ಲೋ ತೋರಿಸಿರೋರು ಯಾರಾದ್ರೂ ಇದ್ದೀರಾ? ಮೊದಲು ಯಾರಿಗೆ ಪತ್ರ ಬರೆದ್ರಿ, ಒಪ್ಪಿಗೆ ಸಿಗೋಕೆ ಎಷ್ಟು ದಿನ ಹಿಡೀತು?